ಏಳನೇ ತುಕಡಿ, ಏಳು!

ಬಾಯಿಮಾತಿನಿಂದಲೇ ನಡೆಯುವ ಯುದ್ಧದ ಗೇಮ್ ಒಂದನ್ನು ಕನ್ನಡದಲ್ಲಿ ಮಾಡಲು ಹೊರಟವರಿಗೆ ಮೊದಲ ದಿನವೇ ಎದುರಾಗುವ ತೊಡಕು ಅಂಕಿಗಳದ್ದು. ಏಳನೇ ತುಕಡಿಯನ್ನು ಎಬ್ಬಿಸಬೇಕಾದರೆ ‘ಏಳು, ಏಳು’ ಎನ್ನಬೇಕು. ಹತ್ತನೆಯದನ್ನು ಗುಡ್ಡ ಹತ್ತಿಸಬೇಕಾದರೆ ‘ಹತ್ತು, ಹತ್ತು’. ನಾವಾದರೆ ನಕ್ಕು, ಸಂದರ್ಭ ನೋಡಿ ಅರ್ಥ ಮಾಡಿಕೊಂಡುಬಿಡುತ್ತೇವೆ. ಕಂಪ್ಯೂಟರಿಗೆ ಆ ಸಂದರ್ಭವನ್ನು ಯಾರಾದರೂ ಮೊದಲೇ ಕಟ್ಟಿಕೊಟ್ಟಿರಬೇಕು. ಇಂಥ ಆಟಗಳ ಕಸುಬೆಲ್ಲ ಇರುವುದು ಆ ಕಟ್ಟುವಿಕೆಯಲ್ಲೇ.

2015ರಲ್ಲಿ ಇರಿಡಿಯಂ ಸ್ಟುಡಿಯೋಸ್ ಎಂಬ ಪುಟ್ಟ ತಂಡ ‘ದೇರ್ ಕೇಮ್ ಆನ್ ಎಕೋ’ ಎಂಬ ಗೇಮ್ ಬಿಡುಗಡೆ ಮಾಡಿತು. ಕಥೆ ವೈಜ್ಞಾನಿಕ ಕಲ್ಪನೆಯದು. ಯಾರಿಂದಲೂ ಒಡೆಯಲಾಗದ ಗೂಢಲಿಪಿಯೊಂದನ್ನು ರೂಪಿಸಿದ ಕಾರಿನ್ ಎಂಬಾತನ ಬೆನ್ನಿಗೆ ಬಂದೂಕುಧಾರಿಗಳು ಬೀಳುತ್ತಾರೆ. ಆಟಗಾರ ಮಾತ್ರ ಬಂದೂಕು ಮುಟ್ಟುವುದಿಲ್ಲ. ದೂರದಲ್ಲಿ ಕುಳಿತು, ಮೈಕಿನಲ್ಲಿ, ‘ಕಾರಿನ್, ಮೂವ್ ಟು ಆಲ್ಫಾ ತ್ರೀ’ ಎನ್ನುತ್ತಾನೆ. ಕಾರಿನ್ ಓಡುತ್ತಾನೆ. ಹಲವರಿಗೆ ಬೇರೆಬೇರೆ ಕೆಲಸ ಒಪ್ಪಿಸಿ ‘ಮಾರ್ಕ್’ ಎಂದೊಡನೆ ಎಲ್ಲರೂ ಒಟ್ಟಿಗೆ ನುಗ್ಗುವಂತೆ ಮಾಡುವ ಏರ್ಪಾಡೂ ಇದೆ. ನನ್ನ ಮಟ್ಟಿಗೆ ಇಡೀ ಆಟದ ಸೊಗಸು ಆ ಒಂದು ಪದದಲ್ಲಿದೆ.

ಮೈಕಿಗೆ ಬಿದ್ದ ಮಾತಿನ ಗತಿ ಏನಾಗುತ್ತದೆ? ಸಾಮಾನ್ಯವಾಗಿ ಸೆಕೆಂಡಿಗೆ 16,000 ಬಾರಿ ಗಾಳಿಯ ಒತ್ತಡವನ್ನು ಅಳೆದು ಸಂಖ್ಯೆಗಳಾಗಿ ಬರೆದುಕೊಳ್ಳಲಾಗುತ್ತದೆ. ಆ ಸಂಖ್ಯೆಗಳ ಸಾಲನ್ನು 25 ಮಿಲಿಸೆಕೆಂಡಿನ ಚೂರುಗಳಾಗಿ, 10 ಮಿಲಿಸೆಕೆಂಡಿಗೊಂದರಂತೆ, ಒಂದರ ಮೇಲೊಂದು ಒರಗಿದ ಹಾಗೆ ಕತ್ತರಿಸುತ್ತಾರೆ. ಎರಡು ಸೆಕೆಂಡಿನ ಆಜ್ಞೆ ಎಂದರೆ ಸುಮಾರು 200 ಚೂರು. ಪ್ರತಿ ಚೂರಿನಲ್ಲೂ ಯಾವ ಕಂಪನಾಂಕದ ಶಕ್ತಿ ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಕಿವಿ ತಗ್ಗು ಸ್ವರಗಳನ್ನು ಬಿಡಿಬಿಡಿಯಾಗಿ, ಎತ್ತರದವನ್ನು ಒರಟಾಗಿ ಗುರುತಿಸುವುದರಿಂದ, ಲೆಕ್ಕವನ್ನೂ ಅದೇ ಪ್ರಮಾಣಕ್ಕೆ ಬಗ್ಗಿಸುತ್ತಾರೆ. 1937ರಲ್ಲಿ ರೂಪುಗೊಂಡ ಮೆಲ್ ಮಾಪನ ಇದಕ್ಕೆ ಇಂದಿಗೂ ಆಧಾರ.

ಹೀಗೆ ಬಿಡಿಸಿದ ಚಿತ್ರವನ್ನು ನೋಡುವಾಗ ನಂಬಿಕೆಯೊಂದು ಕುಸಿಯುತ್ತದೆ. ಪದಪದದ ನಡುವೆ ಬಿಡುವು ಕೊಟ್ಟು ಮಾತಾಡುತ್ತೇವೆ ಎಂದುಕೊಂಡಿರುತ್ತೇವಲ್ಲ, ಹಾಗೇನಿಲ್ಲ. ಪದಗಳು ಒಂದಕ್ಕೊಂದು ಅಂಟಿಕೊಂಡೇ ಹರಿಯುತ್ತವೆ. ಬಿಡುವಿರುವುದು ಪದದ ಹೊಟ್ಟೆಯೊಳಗೆ. ‘ಹತ್ತು’ ಎಂದು ನಿಧಾನವಾಗಿ ಹೇಳಿ ನೋಡಿ. ‘ಹ’ ಮುಗಿದ ಮೇಲೆ ನಾಲಿಗೆ ಹಲ್ಲಿಗೆ ಒತ್ತಿ ಗಾಳಿಯನ್ನು ಪೂರ್ತಿ ತಡೆಯುತ್ತದೆ. ಒತ್ತಕ್ಷರದ ಆ ಕ್ಷಣ ಹೆಚ್ಚುಕಡಿಮೆ ಮೌನ. ಯಂತ್ರದ ಕಣ್ಣಿಗೆ ಅದು ಮಾತು ಮುಗಿದಂತೆ ಕಂಡರೆ ತಪ್ಪು ಅದರದ್ದಲ್ಲ.

ಹಾಗಾದರೆ ಇದನ್ನೆಲ್ಲ ಪದವಾಗಿ ಓದುವುದು ಹೇಗೆ? ಆಟಗಳಲ್ಲಿ ಹಳೆಯ ಉಪಾಯವೇ ಇವತ್ತಿಗೂ ಗಟ್ಟಿ: ಪೂರ್ತಿ ಭಾಷೆಯ ತಂಟೆಗೇ ಹೋಗದಿರುವುದು. ಅಮೆರಿಕದ ಬೆಲ್ ಲ್ಯಾಬ್ಸ್ ಪ್ರಯೋಗಾಲಯದ ‘ಆಡ್ರಿ’ ಎಂಬ ಯಂತ್ರ 1952ರಲ್ಲಿ ಗುರುತಿಸಿದ್ದು ಅಂಕಿಗಳನ್ನಷ್ಟೇ, ಅದೂ ಮಾತಾಡುವವರ ದನಿಗೆ ಮೊದಲು ಹೊಂದಿಸಿಕೊಂಡು. 1976ರ ಹೊತ್ತಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಹಾರ್ಪಿ’ 1,011 ಪದಗಳನ್ನು ನಿಭಾಯಿಸಿತು. ಯಾವ ಪದದ ನಂತರ ಯಾವುದು ಬರಬಹುದು ಎಂಬ ದಾರಿಗಳ ಬಲೆಯನ್ನು ಮೊದಲೇ ಹೆಣೆದು, ಕೇಳಿಸಿದ ಸದ್ದು ಯಾವ ದಾರಿಗೆ ಹೆಚ್ಚು ಹೊಂದುತ್ತದೆ ಎಂದು ಅದು ಹುಡುಕುತ್ತಿತ್ತು. ಯೂಬಿಸಾಫ್ಟ್ 2008ರಲ್ಲಿ ಹೊರತಂದ ‘ಎಂಡ್‌ವಾರ್’ ಗೇಮ್ ನೆಚ್ಚಿಕೊಂಡದ್ದೂ ಇಂಥದೇ ಇಕ್ಕಟ್ಟಾದ ದಾರಿಯನ್ನು: ಯಾರು, ಏನು, ಎಲ್ಲಿ. ಬಟನ್ ಒತ್ತಿಹಿಡಿದು ತುಕಡಿಯ ಹೆಸರು ಹೇಳಿದೊಡನೆ ಮುಂದೆ ಹೇಳಬಹುದಾದ ಪದಗಳಷ್ಟೇ ಪರದೆಯ ಮೇಲೆ ತೆರೆದುಕೊಳ್ಳುತ್ತವೆ. ಯಂತ್ರ ಇಲ್ಲಿ ಅರ್ಥ ಮಾಡಿಕೊಳ್ಳುತ್ತಿಲ್ಲ, ಇದ್ದ ಹತ್ತಾರು ಉತ್ತರಗಳಲ್ಲಿ ಒಂದನ್ನು ಆರಿಸುತ್ತಿದೆ. ಅದನ್ನು ಒಪ್ಪಿಕೊಂಡ ಮೇಲೆಯೇ ಇಂಥ ಆಟಗಳು ಆಡಿಸಿಕೊಳ್ಳತೊಡಗಿದ್ದು.

ಜಾಗಗಳಿಗೆ ‘ಆಲ್ಫಾ’, ‘ಫಾಕ್ಸ್‌ಟ್ರಾಟ್’ ಎಂಬ ಹೆಸರುಗಳಿರುವುದು ಮಿಲಿಟರಿ ಗತ್ತಿಗಾಗಿ ಮಾತ್ರವಲ್ಲ. ಇಂಗ್ಲಿಷಿನ ಬಿ, ಸಿ, ಡಿ, ಪಿ, ಟಿ ಎಲ್ಲವೂ ‘ಈ’ ಎಂದೇ ಮುಗಿಯುತ್ತವೆ. ವ್ಯತ್ಯಾಸವೆಲ್ಲ ಆರಂಭದ ಕೆಲವು ಮಿಲಿಸೆಕೆಂಡುಗಳಲ್ಲಿ. ರೇಡಿಯೊದ ಗರಗರದಲ್ಲಿ ಮನುಷ್ಯರೇ ಎಡವುತ್ತಿದ್ದರು. ಅದಕ್ಕೇ ವಿಮಾನಯಾನದವರು 1956ರಲ್ಲಿ ‘ಎ’ಗೆ ಆಲ್ಫಾ, ‘ಬಿ’ಗೆ ಬ್ರಾವೊ ಎನ್ನುವ ಈಗಿನ ಪಟ್ಟಿಯನ್ನು ಅಂತಿಮಗೊಳಿಸಿದ್ದು. ನಮ್ಮ ಅಂಕಿಗಳಿಗೂ ಇದೇ ಕಾಯಿಲೆ: ಒಂದರಿಂದ ಹತ್ತರವರೆಗೆ ಪ್ರತಿಯೊಂದೂ ಉಕಾರದಲ್ಲೇ ಮುಗಿಯುತ್ತದೆ. ಮೂರು ಮತ್ತು ಆರರ ಬಾಲವಂತೂ ಒಂದೇ.

ಇನ್ನು ಆಟಗಾರನ ಗಂಟಲು. ಇಂಥದ್ದೊಂದು ಆಟದಲ್ಲಿ ನಾನು ಹೇಳಿದ್ದನ್ನು ಸೈನಿಕ ಎರಡು ಬಾರಿ ಕೇಳಿಸಿಕೊಳ್ಳದೆ ನಿಂತಾಗ, ಮೂರನೇ ಬಾರಿ ಎಲ್ಲರಂತೆ ನಾನೂ ಕಿರುಚಿದೆ. ಆಗ ಅವನು ನೇರ ಶತ್ರುವಿನ ಎದುರಿಗೇ ಹೋಗಿ ನಿಂತ. ಗದ್ದಲದಲ್ಲಿ ಮನುಷ್ಯರು ತಮಗರಿವಿಲ್ಲದೆ ದನಿ ಏರಿಸುತ್ತಾರೆ, ಸ್ವರಗಳನ್ನು ಎಳೆಯುತ್ತಾರೆ. ಫ್ರೆಂಚ್ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಇದನ್ನು ಗುರುತಿಸಿದ್ದ. ಎದುರಿಗಿರುವುದು ಮನುಷ್ಯನಾದರೆ ಇದರಿಂದ ಅನುಕೂಲ. ಸಮಾಧಾನದ ದನಿಗಳನ್ನು ಕೇಳಿ ಕಲಿತ ಯಂತ್ರಕ್ಕೆ ಕಿರುಚಿದ ‘ಆ’ ಬೇರೆಯೇ ಸ್ವರವಾಗಿ ಕಾಣಬಹುದು. ಕೋಪ ಬಂದಷ್ಟೂ ಸೈನ್ಯ ಕಿವುಡಾಗುತ್ತದೆ.

ವೇಗದ ಲೆಕ್ಕವೂ ಮಾತಿನ ಪರವಾಗಿಲ್ಲ. ‘ಸ್ಟಾರ್‌ಕ್ರಾಫ್ಟ್’ ಆಡುವ ವೃತ್ತಿಪರರು ಕೀಲಿಮಣೆ ಮತ್ತು ಮೌಸ್ ಹಿಡಿದು ನಿಮಿಷಕ್ಕೆ 300ಕ್ಕೂ ಹೆಚ್ಚು ಕ್ರಿಯೆ ನಡೆಸುತ್ತಾರೆ, ಸೆಕೆಂಡಿಗೆ ಐದು. ಐದು ಪದದ ಆಜ್ಞೆಗೆ ಸುಮಾರು ಎರಡು ಸೆಕೆಂಡು ಬೇಕು. ಮಾತು ಮುಗಿಯಿತೋ ಇಲ್ಲವೋ ಎಂದು ಯಂತ್ರ ಕಾಯುವ ಹೊತ್ತು ಬೇರೆ. ಆದ್ದರಿಂದ ಆಟವೇ ಮಾತಿನ ನಡಿಗೆಗೆ ಇಳಿಯಬೇಕು: ಸೈನಿಕರು ಕಡಿಮೆ, ಅವಿತುಕೊಳ್ಳುವ ಜಾಗ ಹೆಚ್ಚು, ಹೇಳದಿದ್ದರೂ ತಾವೇ ಗುಂಡು ಹಾರಿಸುವಷ್ಟು ಬುದ್ಧಿ. ವೈಜ್ಞಾನಿಕ ಕಲ್ಪನೆ ನೆರವಿಗೆ ಬರುವುದು ಇಲ್ಲೇ. 2003ರಲ್ಲಿ ಜಪಾನಿನಲ್ಲಿ ಬಂದು, ಬಳಿಕ ಅಮೆರಿಕದಲ್ಲಿ ‘ಲೈಫ್‌ಲೈನ್’ ಎಂದಾದ ಗೇಮ್‌ನಲ್ಲಿ ಆಟಗಾರ ಬಾಹ್ಯಾಕಾಶ ಹೋಟೆಲೊಂದರ ನಿಯಂತ್ರಣ ಕೊಠಡಿಯಲ್ಲಿ ಸಿಕ್ಕಿಬಿದ್ದಿರುತ್ತಾನೆ. ಕ್ಯಾಮೆರಾದಲ್ಲಿ ಕಾಣುವ ರಿಯೊ ಎಂಬ ಹುಡುಗಿಗೆ ಮೈಕಿನಲ್ಲಿ ದಾರಿ ಹೇಳುವುದಷ್ಟೇ ಅವನ ಕೈಲಾಗುವುದು. ದೂರ, ತಡ, ತಪ್ಪು ಕೇಳಿಸಿಕೊಳ್ಳುವಿಕೆ, ಎಲ್ಲಕ್ಕೂ ಕಥೆಯಲ್ಲೇ ನೆಪ ಸಿಕ್ಕಿತು.

ಈಗ ಬೇರೆಯೇ ಕಾಲ ಎನ್ನುವವರಿದ್ದಾರೆ. ಮಾತನ್ನು ಬರಹಕ್ಕಿಳಿಸುವ, ಓಪನ್‌ಎಐ ಸಂಸ್ಥೆಯ 2022ರ ‘ವಿಸ್ಪರ್’ 6,80,000 ಗಂಟೆಗಳ ಮಾತು ಕೇಳಿ ಕಲಿತದ್ದು, ನಿಜ. ಆದರೆ ಯಾರೂ ಮಾತಾಡದ ಮೌನದಲ್ಲೂ ಒಮ್ಮೊಮ್ಮೆ ವಾಕ್ಯ ಬರೆದುಬಿಡುವ ಚಾಳಿ ಅದಕ್ಕಿದೆ. ರಣರಂಗದಲ್ಲಿ ಅಂಥ ಸೇನಾಪತಿ ಯಾರಿಗೆ ಬೇಕು?

ಕನ್ನಡದ ಗೇಮ್‌ಗೆ ಮರಳೋಣ. ಇಂಗ್ಲಿಷಿನಲ್ಲಿ ಕೆಲಸದ ಪದ ನಡುವೆ, ಜಾಗ ಕೊನೆಗೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ಅದಕ್ಕೂ ಕೊನೆಗೆ ನಿಷೇಧ. ‘ಗುಡ್ಡದ ಹಿಂದಕ್ಕೆ ಹೋಗ್’ ಎಂಬಷ್ಟಕ್ಕೇ ತುಕಡಿ ಹೊರಟುಬಿಟ್ಟರೆ ‘ಬೇಡ’ ಎಂಬುದು ಅದರ ಹಿಂದೆ ಓಡಬೇಕಾಗುತ್ತದೆ. ಪದಪಟ್ಟಿಯಿಂದ ‘ಬೇಡ’ವನ್ನೇ ತೆಗೆದು ‘ನಿಲ್ಲು’ ಇಡುವುದು ಲೇಸು. ತುಕಡಿಗಳಿಗೂ ಅಂಕಿ ಬಿಟ್ಟು ಹೆಸರಿಡಬೇಕು: ಗರುಡ, ಚಿರತೆ, ಮಿಂಚು, ಆದಿ ಬೇರೆ, ಅಂತ್ಯ ಬೇರೆ. ಆಮೇಲೆ ‘ಚಿರತೆ, ಗುಡ್ಡ ಹತ್ತು’ ಎಂದರೆ, ಆ ಕೊನೆಯ ‘ಹತ್ತು’ ಸಂಖ್ಯೆಯಾಗಲು ದಾರಿಯೇ ಇರುವುದಿಲ್ಲ.