ಗುಟ್ಟು ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ

ಧಾರಾವಾಹಿಗೆ ಸಂಭಾಷಣೆ ಬರೆಯೋದು ನನ್ನ ಕೆಲಸ. ಮೈಸೂರಿನ ನಮ್ಮ ಬೀದಿಯಲ್ಲಿ ಸಿಕ್ಕವರೆಲ್ಲ ಕೇಳೋದು ಒಂದೇ: "ಆ ವಿಷಯ ಅವಳಿಗೆ ಯಾವಾಗ ಗೊತ್ತಾಗುತ್ತೆ ಸಾರ್? ಎಷ್ಟು ಅಂತ ಎಳೀತೀರಾ?" ಸರಿಯಾದ ಪ್ರಶ್ನೆಯೇ. ಈ ವಾರ ಕೂತು ಮನೆಮನೆ ಕಥೆ, ಕಾಮಿಡಿ, ನಾಗಿಣಿ ಕಥೆ ಎಲ್ಲವನ್ನೂ ನೋಡಿದೆ. ಮೂರೂ ನಡೆಯೋದು ಗುಟ್ಟಿನ ಮೇಲೆ.

ಒಂದು ಸನ್ನಿವೇಶ ತಗೊಳ್ಳಿ. ಮಗ ಮನೆಪತ್ರ ಅಡ ಇಟ್ಟಿದ್ದಾನೆ. ಫೋನಲ್ಲಿ ಅದನ್ನೇ ಮಾತಾಡುತ್ತಿದ್ದಾನೆ. ಬಾಗಿಲ ಹಿಂದೆ ಅಮ್ಮ. ಧಾರಾವಾಹಿಯಲ್ಲಾದರೆ ಅಮ್ಮನ ಮುಖ, ಮಗನ ಬೆನ್ನು, ಮತ್ತೆ ಅಮ್ಮನ ಮುಖ. ಬ್ರೇಕ್. ಬಂದು ನೋಡಿದರೆ ಅಮ್ಮನಿಗೆ ಅರ್ಧ ಮಾತಷ್ಟೇ ಕೇಳಿಸಿರುತ್ತದೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಕಥೆಗೆ ಸಿಗೋದು ಸುಮಾರು 22 ನಿಮಿಷ. ವಾರಕ್ಕೆ ಐದಾರು ಎಪಿಸೋಡ್. ಗುಟ್ಟು ಒಡೆದ ದಿನ ಆ ಟ್ರ್ಯಾಕ್, ಅಂದರೆ ಕಥೆಯ ಆ ಎಳೆ, ಮುಗಿಯಿತು, ಇನ್ನೊಂದು ಸಿದ್ಧ ಇರಬೇಕು. ಗುರುವಾರ ಬಾರ್ಕ್ ರೇಟಿಂಗ್, ಅಂದರೆ ಎಷ್ಟು ಜನ ನೋಡಿದರು ಅನ್ನೋ ಲೆಕ್ಕ, ಬರುತ್ತದೆ. ನಂಬರ್ ಚೆನ್ನಾಗಿದ್ದರೆ "ಇನ್ನೊಂದು ವಾರ ತಳ್ಳಿ" ಅಂತ ಚಾನೆಲ್‌ನಿಂದ ಫೋನು.

ಆದರೆ ತಳ್ಳೋದಕ್ಕೂ ಒಂದು ರೀತಿ ಇದೆ. ಗುಟ್ಟು ನಿಂತಲ್ಲೇ ನಿಲ್ಲಬಾರದು, ಒಬ್ಬೊಬ್ಬರ ಕೈಗೆ ದಾಟುತ್ತಾ ಹೋಗಬೇಕು. ಈ ವಾರ ಒಂದು ಧಾರಾವಾಹಿಯಲ್ಲಿ ಬುಧವಾರವೇ ಸೊಸೆಗೆ ಎಲ್ಲ ಗೊತ್ತಾಯಿತು. ಗಂಡನ ಮಾನ ಹೋಗುತ್ತದೆ ಅಂತ ಬಾಯಿ ಬಿಡಲಿಲ್ಲ. ಮುಂದಿನ ಎರಡು ದಿನ ಅತ್ತೆಗೆ ಊಟ ಬಡಿಸುವಾಗ ಅವಳು ತಲೆ ಎತ್ತಲೇ ಇಲ್ಲ. ಒಂದು ಮಾತೂ ಬೇಕಾಗಲಿಲ್ಲ. ಬರೆದವರಿಗೆ ಕೈ ಮುಗಿಯಬೇಕು ಅನ್ನಿಸಿತು. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯಗಳಿಗೆ ಜನ ಕಾಯುತ್ತಿದ್ದದ್ದೂ ಇಂಥದ್ದಕ್ಕೇ ಅಲ್ವಾ? ಒಂದೊಂದು ಪ್ರಶ್ನೆಗೆ ಗುಟ್ಟು ಒಂದಿಷ್ಟು ಹೊರಬರುತ್ತಿತ್ತು.

ಕಾಮಿಡಿಯಲ್ಲಿ ಅಷ್ಟು ಪುರುಸೊತ್ತು ಇಲ್ಲ. ಬಾಗಿಲ ಹಿಂದಿನ ಅಮ್ಮ ಸಿಕ್ಕಿಬಿದ್ದು ಆಗಲೇ ಒಂದು ಸುಳ್ಳು ಹೇಳಬೇಕು. ಅದನ್ನು ಮುಚ್ಚೋಕೆ ಇನ್ನೊಂದು. ಹತ್ತು ನಿಮಿಷದಲ್ಲಿ ಎಲ್ಲ ಬಯಲು. ರಂಗಾಯಣದಂಥ ನಾಟಕ ಸಂಸ್ಥೆಗಳಲ್ಲಿ ಪಳಗಿದ ನಟರು ಇದನ್ನು ಸಲೀಸಾಗಿ ಮಾಡುತ್ತಾರೆ, ಮಾತು ಎಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತು.

ಈ ವಾರದ ಸ್ಕಿಟ್‌ನಲ್ಲಿ ಮಾತ್ರ ನನಗೆ ನೋವಾದದ್ದು ಒಂದಿದೆ. ಮಂಡ್ಯದ ಮಾತಾಡುವವನೇ ಮತ್ತೆ ಪೆದ್ದ. ಎಲ್ಲರಿಗೂ ತಿಳಿದ ಮೇಲೆ ಕೊನೆಗೆ ಅವನಿಗೆ ಗೊತ್ತಾಗೋದು. ಮಂಡ್ಯ ನನ್ನೂರು. ಅಲ್ಲಿ ಟೀ ಅಂಗಡಿ ಬೆಂಚಿನ ಮೇಲೆ ಅರ್ಧ ಗಂಟೆ ಕೂತವರಿಗೆ ಆ ಮಾತಿನ ಚುರುಕು ಗೊತ್ತಿರುತ್ತದೆ. ಅವನೇ ಎಲ್ಲರಿಗಿಂತ ಮೊದಲು ಗುಟ್ಟು ಹಿಡಿದು ಸುಮ್ನೆ ಕೂತಿದ್ದರೆ ನಗು ಇನ್ನೂ ಜಾಸ್ತಿ ಬರುತ್ತಿತ್ತು.

ನಾಗಿಣಿ ಕಥೆಯಲ್ಲಿ ಅವಳು ಯಾರು ಅಂತ ನೋಡುವವರಿಗೆ ಮೊದಲ ದಿನವೇ ಗೊತ್ತು. ಮನೆಯವರಿಗೆ ಗೊತ್ತಿಲ್ಲ. ಹಾಗಾಗಿ ಅವಳ ಕೈಲಿ ಏನು ಆಗುತ್ತದೆ, ಏನು ಆಗಲ್ಲ ಅನ್ನೋ ಕಟ್ಟುಪಾಡು ಗಟ್ಟಿ ಇರಬೇಕು. ಗ್ರಾಫಿಕ್ಸ್ ಸುಮಾರಾಗಿದ್ದರೂ ಜನ ಸಹಿಸುತ್ತಾರೆ. ಮಂಗಳವಾರ ಕುಂಕುಮ ಮುಟ್ಟಿದ್ದಕ್ಕೆ ಅವಳ ಕೈ ಸುಟ್ಟಿತ್ತು. ಶುಕ್ರವಾರ ಅದೇ ಕೈಯಲ್ಲಿ ಎಲ್ಲರ ಹಣೆಗೂ ಕುಂಕುಮ ಇಟ್ಟಳು! ಯಾಕೆ ಅಂತ ಒಂದು ಮಾತಿಲ್ಲ. ಅಲ್ಲಿಗೆ ಭಯ ಹೋಯಿತು. ನಾನಾಗಿದ್ದರೆ ಆ ಸುಟ್ಟ ಬೆರಳು ಮನೆಯ ಚಿಕ್ಕ ಸೊಸೆಯ ಕಣ್ಣಿಗೆ ಬೀಳುವ ಹಾಗೆ ಬರೆಯುತ್ತಿದ್ದೆ. ಅವಳು ಯಾರಿಗೂ ಹೇಳದೆ ದಿನಾ ಅಡುಗೆಮನೆಯಲ್ಲಿ ನಾಗಿಣಿಯ ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚಬೇಕು. ಒಂದು ತಿಂಗಳಿಗಾಗುವಷ್ಟು ಕಥೆ ಅಲ್ಲೇ ಇತ್ತು.