ಫಾರ್ಮ್ಯಾಟ್‌ಗೆ ಮುನ್ನ: ಲ್ಯಾಪ್‌ಟಾಪ್‌ನ ದೋಷ ಯಂತ್ರದಲ್ಲೋ, ಸಾಫ್ಟ್‌ವೇರ್‌ನಲ್ಲೋ?

ಲ್ಯಾಪ್‌ಟಾಪ್ ಪದೇ ಪದೇ ಹ್ಯಾಂಗ್ ಆಗತೊಡಗಿದರೆ ಸುತ್ತಲಿನವರಿಂದ ಬರುವ ಮೊದಲ ಸಲಹೆ ‘ಒಂದು ಸಲ ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬುದು. ದಯವಿಟ್ಟು ಅವಸರ ಬೇಡ. ದೋಷ ಎಲ್ಲಿದೆ ಎಂದು ಹೇಳುವ ದಾಖಲೆಗಳೆಲ್ಲ ಇರುವುದು ಆ ವಿಂಡೋಸ್‌ನೊಳಗೇ. ಫಾರ್ಮ್ಯಾಟ್ ಮಾಡಿದರೆ ಅವೂ ಅಳಿಯುತ್ತವೆ. ಡಿಸ್ಕ್ ಕೊನೆಯ ಹಂತದಲ್ಲಿದ್ದರಂತೂ ಅದರ ಮೇಲೆ ಮತ್ತೆ ಇಪ್ಪತ್ತು ಮೂವತ್ತು ಜಿಬಿ ಬರೆಸುವುದೆಂದರೆ ಉಳಿದ ಉಸಿರನ್ನೂ ಕಿತ್ತುಕೊಂಡಂತೆ. ಹೊಸ ವಿಂಡೋಸ್ ನಾಲ್ಕು ದಿನ ಚುರುಕಾಗಿ ಓಡಿ, ಐದನೇ ದಿನ ಅದೇ ತೊಂದರೆ ಮರಳಿದಾಗ ಹಿಡಿದುಕೊಳ್ಳಲು ಒಂದು ಎಳೆಯೂ ಉಳಿದಿರುವುದಿಲ್ಲ.

ಮೊದಲ ಕೆಲಸ, ಬೇಕಾದ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುವುದು. ಪರೀಕ್ಷೆಗಳೆಲ್ಲ ಆಮೇಲೆ.

ಕುಸಿತದ ಬಗೆಯನ್ನು ಗಮನಿಸಿದರೇ ಅರ್ಧ ಉತ್ತರ ಸಿಗುತ್ತದೆ. ಸಾಫ್ಟ್‌ವೇರ್ ಕುಸಿದಾಗ ಸಾಮಾನ್ಯವಾಗಿ ಏನಾದರೂ ಬರೆದಿಟ್ಟು ಬೀಳುತ್ತದೆ. ನೀಲಿ ಪರದೆ ಬರುತ್ತದೆ (ಈಚಿನ ವಿಂಡೋಸ್ 11ರಲ್ಲಿ ಅದು ಕಪ್ಪು), ಶೇಕಡಾವಾರು ಎಣಿಕೆ 100 ಮುಟ್ಟುತ್ತದೆ, ವಿಂಡೋಸ್ ಫೋಲ್ಡರಿನ ಒಳಗಿರುವ ಮಿನಿಡಂಪ್ ಫೋಲ್ಡರಿನಲ್ಲಿ ಕುಸಿತದ ವಿವರವಿರುವ ಒಂದು ಕಡತ (ಡಂಪ್) ಉಳಿಯುತ್ತದೆ. ವಿದ್ಯುತ್ ಹರಿವೇ ಕಡಿದುಹೋದರೆ ಬರೆಯಲು ಪುರುಸೊತ್ತೇ ಇರುವುದಿಲ್ಲ. ಪರದೆ ಫಕ್ಕನೆ ಕಪ್ಪಾಗುತ್ತದೆ, ಫ್ಯಾನ್ ನಿಲ್ಲುತ್ತದೆ, ಅಷ್ಟೆ. ಇವೆರಡರ ನಡುವೆ ಇನ್ನೊಂದು ಬಗೆಯಿದೆ: ನೀಲಿ ಪರದೆ ಬರುತ್ತದೆ, ಎಣಿಕೆ ಮಾತ್ರ 0ಯಲ್ಲೇ ನಿಂತುಬಿಡುತ್ತದೆ, ಡಂಪ್ ಕಡತ ಹುಡುಕಿದರೂ ಸಿಗುವುದಿಲ್ಲ. ಬರೆಯಬೇಕಾದ ಡಿಸ್ಕೇ ಆ ಗಳಿಗೆಯಲ್ಲಿ ಕಾಣೆಯಾಗಿರುವಾಗ ಹೀಗಾಗುತ್ತದೆ. ಹಾಗಾಗಿ ಇಲ್ಲಿ ಮೊದಲ ಅನುಮಾನ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್) ಮೇಲೆ.

ನಂತರ ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿಡುವ ಇವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್ ಕೆಳಗಿನ ಸಿಸ್ಟಮ್ ಪಟ್ಟಿ ನೋಡಿ. ಕರ್ನಲ್-ಪವರ್ 41 ಎಂಬ ಕೆಂಪು ನಮೂದು ಕಂಡ ಕೂಡಲೇ ಪವರ್ ಸಪ್ಲೈ ಹೋಗಿದೆ ಎಂದು ತೀರ್ಮಾನಿಸುವವರು ಬಹಳ. ಅದರ ಅರ್ಥ ಅಷ್ಟಿಲ್ಲ. ‘ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ’ ಎಂದಷ್ಟೇ ಅದು ಹೇಳುತ್ತದೆ. ನಿಜವಾದ ಸುಳಿವು ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿದೆ. ಅಲ್ಲಿ ಬಗ್‌ಚೆಕ್‌ಕೋಡ್ 0 ಎಂದಿದ್ದರೆ ವಿದ್ಯುತ್ ಹಠಾತ್ತನೆ ಹೋಗಿದೆ, ಇಲ್ಲವೇ ಯಂತ್ರ ಪೂರ್ತಿ ಸ್ತಬ್ಧವಾಗಿದೆ. ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಎದುರು 0 ಬಿಟ್ಟು ಬೇರೆ ಸಂಖ್ಯೆಯಿದ್ದರೆ ಯಾರೋ ಗುಂಡಿ ಒತ್ತಿ ಹಿಡಿದು ಆಫ್ ಮಾಡಿದ್ದಾರೆ. ಬಗ್‌ಚೆಕ್‌ಕೋಡ್ 0 ಅಲ್ಲದಿದ್ದರೆ ಅದು ನೀಲಿ ಪರದೆಯ ಸಂಕೇತವೇ, ಆದರೆ ಪರದೆಯ ಸಂಕೇತ ಹದಿನಾರರ ಪದ್ಧತಿಯದು (ಹೆಕ್ಸಾಡೆಸಿಮಲ್), ಇಲ್ಲಿನದು ದಶಮಾಂಶದಲ್ಲಿ ಬರೆದದ್ದು. ಅಲ್ಲಿನ 292 ಎಂದರೆ ನೀಲಿ ಪರದೆಯ 124. 159 ಎಂದರೆ 9ಎಫ್. 122 ಎಂದರೆ 7ಎ. ಈ ಲೆಕ್ಕ ಗೊತ್ತಿಲ್ಲದೆ 292 ಎಂಬ ಸಂಕೇತ ಹುಡುಕುತ್ತ ಹೋದರೆ ಏನೂ ದಕ್ಕುವುದಿಲ್ಲ.

ಈ ಸಂಕೇತಗಳಲ್ಲಿ 124 ಬಹುಪಾಲು ಹಾರ್ಡ್‌ವೇರ್ ದೋಷ: ಪ್ರೊಸೆಸರ್, ಮದರ್‌ಬೋರ್ಡ್, ಅತಿಯಾದ ಬಿಸಿ, ಕೆಲವೊಮ್ಮೆ ಓವರ್‌ಕ್ಲಾಕ್ (ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದು). 7ಎ ಬಂದರೆ ಡಿಸ್ಕಿನಿಂದ ಓದಲಾಗಲಿಲ್ಲ ಎಂದರ್ಥ. ಡಿ1 ಮತ್ತು 9ಎಫ್ ಹೆಚ್ಚಾಗಿ ಡ್ರೈವರ್ (ಯಂತ್ರದ ಭಾಗಗಳನ್ನು ವಿಂಡೋಸ್‌ಗೆ ಜೋಡಿಸುವ ಸಾಫ್ಟ್‌ವೇರ್) ದೋಷಗಳು. ಅದರಲ್ಲೂ 9ಎಫ್ ಸ್ಲೀಪ್‌ಗೆ ಹೋಗುವಾಗ ಅಥವಾ ಸ್ಲೀಪ್‌ನಿಂದ ಏಳುವಾಗ ಕಾಣಿಸಿಕೊಳ್ಳುತ್ತದೆ. ಆದರೆ ಒಂದು ಸಂಕೇತಕ್ಕಿಂತ ಐದಾರು ಕುಸಿತಗಳ ಸಾಲು ಹೆಚ್ಚು ಹೇಳುತ್ತದೆ. ಪ್ರತಿ ಸಲವೂ ಅದೇ ಸಂಕೇತ, ಅದೇ ಡ್ರೈವರ್ ಹೆಸರು ಬಂದರೆ ಸಾಫ್ಟ್‌ವೇರ್ ಕಡೆ ನೋಡಿ. ಇವತ್ತು 1ಎ, ನಾಳೆ 50, ನಾಡಿದ್ದು ಇನ್ನೊಂದು ಎಂದು ಸಂಕೇತ ಬದಲಾಗುತ್ತಲೇ ಇದ್ದರೆ ರ‍್ಯಾಮ್ ಪರೀಕ್ಷಿಸಿ. ಕೆಟ್ಟ ರ‍್ಯಾಮ್ ಯಾರ ಮಾಹಿತಿಯನ್ನು ಹಾಳುಮಾಡುತ್ತದೋ ಅವರು ಬೀಳುತ್ತಾರೆ. ಹಾಗಾಗಿ ಪ್ರತಿ ಸಲ ಬೇರೆಯವರ ಮೇಲೆ ದೂರು ಬರುತ್ತದೆ.

ಅದೇ ಪಟ್ಟಿಯಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ (WHEA-Logger) ಹೆಸರಿನ ನಮೂದುಗಳಿವೆಯೇ ನೋಡಿ. 18 ಎಂದರೆ ಯಂತ್ರವನ್ನು ಕೆಡವಿದ ಹಾರ್ಡ್‌ವೇರ್ ದೋಷ. 19 ಎಂದರೆ ಪ್ರೊಸೆಸರ್ ತಾನೇ ತಿದ್ದಿಕೊಂಡ ದೋಷ. ಒಂದೆರಡು ಬಂದರೆ ಗಾಬರಿ ಬೇಡ, ದಿನಕ್ಕೆ ಹತ್ತಾರು ಬರುತ್ತಿದ್ದರೆ ದೊಡ್ಡದು ಹಿಂದೆಯೇ ಇದೆ. ಡಿಸ್ಕ್ ಹೆಸರಿನಲ್ಲಿ 7 (ಕೆಟ್ಟ ಬ್ಲಾಕ್), 153 (ಓದು-ಬರಹ ಮರುಪ್ರಯತ್ನ), ಸ್ಟೋರೇಜ್ ಡ್ರೈವರ್ ಹೆಸರಿನಲ್ಲಿ 129 (ಉತ್ತರ ಬಾರದೆ ಡಿಸ್ಕನ್ನು ರೀಸೆಟ್ ಮಾಡಿದ್ದು) ಕಂಡರೆ ನಿಧಾನಗತಿಯ ಕಾರಣ ಬಹುತೇಕ ಅಲ್ಲೇ ಇದೆ.

ಹ್ಯಾಂಗ್ ಆದ ಗಳಿಗೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಪರದೆ ನಿಂತುಹೋದಾಗ ಗುಂಡಿ ಒತ್ತಿ ಆಫ್ ಮಾಡುವ ಮುನ್ನ ಕ್ಯಾಪ್ಸ್ ಲಾಕ್ ಒತ್ತಿ, ಅದರ ದೀಪ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಒಳಗಿನ ಕರ್ನಲ್ (ವಿಂಡೋಸ್‌ನ ತಿರುಳು) ಬದುಕಿದೆ, ಸಿಕ್ಕಿಬಿದ್ದಿರುವುದು ಮೇಲ್ಪದರ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಮಿನುಗಿ ಮರಳಿ ಬಂದರೆ ತೊಂದರೆ ಗ್ರಾಫಿಕ್ಸ್ ಡ್ರೈವರ್‌ನದು. ದೀಪವೂ ಅಲುಗದೆ, ಸ್ಪೀಕರಿನಿಂದ ಒಂದೇ ಸದ್ದು ಕೊರೆಯುತ್ತಿದ್ದರೆ ಇಡೀ ಯಂತ್ರವೇ ನಿಂತಿದೆ.

ಇನ್ನು ಫಕ್ಕನೆ ಆಫ್ ಆಗುವ ಲ್ಯಾಪ್‌ಟಾಪ್. ಇದಕ್ಕೆ ಮೊದಲು ವಿಂಡೋಸ್‌ನಿಂದಲೇ ಹೊರಗೆ ಬನ್ನಿ: ಬಯೋಸ್ ಸೆಟಪ್ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪುಟ) ತೆರೆದು ಅರ್ಧ ಗಂಟೆ ಹಾಗೇ ಬಿಡಿ. ಅಲ್ಲೂ ಆರಿದರೆ ವಿಂಡೋಸ್ ನಿರಪರಾಧಿ. ಆಮೇಲೆ ಬ್ಯಾಟರಿಯೊಂದರಲ್ಲೇ ಓಡಿಸಿ. ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಚಾರ್ಜರ್ ಒಂದರಲ್ಲೇ ಓಡಿಸಿ. ಶೇ. 40 ತೋರಿಸುತ್ತಿದ್ದಾಗಲೇ ಬ್ಯಾಟರಿ ಕೈಕೊಟ್ಟರೆ ಒಂದು ಸೆಲ್ ಸೋತಿದೆ. ಟಚ್‌ಪ್ಯಾಡ್ ಉಬ್ಬಿದ್ದರೆ, ಒತ್ತಿದಾಗ ಗಟ್ಟಿಯೆನಿಸಿದರೆ, ಕೆಳಗಿನ ಮುಚ್ಚಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿದೆ. ಅಲ್ಲಿಗೆ ಪರೀಕ್ಷೆ ನಿಲ್ಲಿಸಿ, ಚಾರ್ಜ್ ಮಾಡಬೇಡಿ, ಒತ್ತಿ ಸರಿಮಾಡಲು ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು.

ಗೇಮ್ ಆಡುವಾಗ, ವಿಡಿಯೊ ಎಡಿಟ್ ಮಾಡುವಾಗ ಮಾತ್ರ ಆರಿದರೆ ಬಿಸಿಯನ್ನು ಅಳೆಯಿರಿ. ಎಚ್‌ಡಬ್ಲ್ಯುಇನ್ಫೋದಂಥ ಸಾಧನ ಪ್ರೊಸೆಸರಿನ ಉಷ್ಣಾಂಶವನ್ನು ತೋರಿಸುತ್ತದೆ. ಲ್ಯಾಪ್‌ಟಾಪ್ ಪ್ರೊಸೆಸರುಗಳ ಮಿತಿ ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್. ಭಾರದ ಕೆಲಸದಲ್ಲಿ 90ರ ಆಸುಪಾಸು ಹೋಗುವುದು ತೆಳು ಲ್ಯಾಪ್‌ಟಾಪಿಗೆ ಹೊಸದಲ್ಲ. ಏನೂ ಮಾಡದೆ ಇಟ್ಟಾಗಲೂ 75–80 ಇದ್ದರೆ ಗಾಳಿ ಹರಿಯುತ್ತಿಲ್ಲ. ಮುಚ್ಚಳ ತೆಗೆದು ಫ್ಯಾನ್ ನೋಡಿದರೆ ಎಷ್ಟೋ ಸಲ ರೆಕ್ಕೆಗಳು ಶುಭ್ರವಾಗಿಯೇ ಕಾಣುತ್ತವೆ. ಧೂಳು ಕೂತಿರುವುದು ಫ್ಯಾನಿಗೂ ತಾಮ್ರದ ಫಿನ್‌ಗಳಿಗೂ ನಡುವೆ, ಕಂಬಳಿಯ ತುಂಡಿನಂತೆ ಹೆಣೆದುಕೊಂಡು. ಫ್ಯಾನ್ ಬಿಚ್ಚಿದರೆ ಮಾತ್ರ ಅದು ಪದರವಾಗಿ ಎದ್ದು ಬರುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅಲ್ಲೇ ಇನ್ನಷ್ಟು ಒತ್ತಿ ಕೂರುತ್ತದೆ. ಊದಲೇಬೇಕಿದ್ದರೆ ರೆಕ್ಕೆ ಸುತ್ತದಂತೆ ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲವಾದರೆ ಬೇರಿಂಗ್ ಹಾಳಾಗುತ್ತದೆ. ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಚಿಪ್ಪಿನ ಮೇಲ್ಮೈ ಪೂರ್ತಿ ಮುಚ್ಚುವಷ್ಟು ತೆಳುವಾಗಿ ಹೊಸದನ್ನು ಹಚ್ಚಿ. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂಬುದೇನಿಲ್ಲ.

ಕುಸಿಯುವುದಿಲ್ಲ, ಬರೀ ನಿಧಾನ ಎನ್ನುವವರು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೂರು ಸಂಖ್ಯೆ ನೋಡಬೇಕು. ಒಂದು, ಪ್ರೊಸೆಸರಿನ ವೇಗ. ಕೆಲಸದ ಒತ್ತಡವಿದ್ದಾಗಲೂ ಅದು 0.4 ಅಥವಾ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದ್ದರೆ ವೈರಸ್ ಹುಡುಕಬೇಡಿ. ಚಾರ್ಜರ್ ತೆಗೆದು ನೋಡಿ. ಕಡಿಮೆ ವ್ಯಾಟ್‌ನ, ಅಥವಾ ಲ್ಯಾಪ್‌ಟಾಪ್ ಗುರುತಿಸದ ಚಾರ್ಜರ್ ಹಾಕಿದಾಗ ಕೆಲವು ಮಾದರಿಗಳು ತಮ್ಮನ್ನು ತಾವೇ ಹೀಗೆ ಕಟ್ಟಿಹಾಕಿಕೊಳ್ಳುತ್ತವೆ. ಕೆಟ್ಟ ಉಷ್ಣ ಸೆನ್ಸರ್ ಕೂಡ ಇದೇ ಲಕ್ಷಣ ತೋರಿಸುತ್ತದೆ.

ಎರಡು, ಡಿಸ್ಕ್. ಆ್ಯಕ್ಟಿವ್ ಟೈಮ್ ಶೇ. 100 ಎಂದಷ್ಟೇ ನೋಡಿದರೆ ಸಾಲದು, ಅದರ ಕೆಳಗಿನ ವೇಗ ಮತ್ತು ಸರಾಸರಿ ರೆಸ್ಪಾನ್ಸ್ ಟೈಮ್ ಜೊತೆಗಿಟ್ಟು ಓದಿ. ಸೆಕೆಂಡಿಗೆ 300 ಎಂಬಿ ಹರಿಯುತ್ತಿದ್ದು ಶೇ. 100 ಇದ್ದರೆ ಯಾವುದೋ ಪ್ರೋಗ್ರಾಂ ದುಡಿಸುತ್ತಿದೆ. ಎಸ್‌ಎಸ್‌ಡಿಯಲ್ಲಿ ಒಂದೆರಡು ಎಂಬಿಯೂ ಹರಿಯದೆ ಶೇ. 100 ಇದ್ದು, ರೆಸ್ಪಾನ್ಸ್ ಟೈಮ್ ಸಾವಿರ ಮಿಲಿಸೆಕೆಂಡ್ ದಾಟುತ್ತಿದ್ದರೆ ಡಿಸ್ಕ್ ಒದ್ದಾಡುತ್ತಿದೆ. ಆರೋಗ್ಯವಂತ ಎಸ್‌ಎಸ್‌ಡಿ ಹಗುರ ಕೆಲಸದಲ್ಲಿ ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರೆ ಅಷ್ಟು ಕಠಿಣವಾಗಿ ನೋಡಬೇಡಿ. ಅಪ್‌ಡೇಟ್ ನಡೆಯುವಾಗ ಅದು ಚೆನ್ನಾಗಿದ್ದರೂ ತೆವಳುತ್ತದೆ.

ಖಚಿತಪಡಿಸಿಕೊಳ್ಳಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸ್ಮಾರ್ಟ್ ಅಂಕಿಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆರೆಯಿರಿ. 05 ಬದಲಾಯಿಸಿದ ಸೆಕ್ಟರುಗಳು, ಸಿ5 ಓದಲಾಗದೆ ಕಾಯುತ್ತಿರುವವು, ಸಿ6 ಸರಿಪಡಿಸಲಾಗದವು. ಹಾರ್ಡ್ ಡಿಸ್ಕ್‌ನಲ್ಲಿ ಇವುಗಳ ರಾ ವ್ಯಾಲ್ಯೂ 0 ಇರಬೇಕು. ದಿನದಿಂದ ದಿನಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ಕೊಳ್ಳುವ ಹೊತ್ತು ಬಂದಿದೆ. ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಎಸೆಯಬೇಡಿ, ಅದು ಕೇಬಲ್ ಅಥವಾ ಕನೆಕ್ಟರ್ ದೂರು. ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಾದರೆ ಮೀಡಿಯಾ ಎರರ್ ಸಾಲು 0 ಇದೆಯೇ, ಅವೈಲಬಲ್ ಸ್ಪೇರ್ ಇಳಿದಿದೆಯೇ ನೋಡಿ. ಇಲ್ಲಿ ಒಂದು ಎಚ್ಚರಿಕೆ: ಸಾಯುತ್ತಿರುವ ಡಿಸ್ಕಿನ ಮೇಲೆ ನಕಲು ಮಾಡಿಕೊಳ್ಳುವ ಮೊದಲೇ ಚೆಕ್‌ಡಿಸ್ಕ್‌ನ ಪೂರ್ಣ ಸೆಕ್ಟರ್ ತಪಾಸಣೆ ಓಡಿಸಬೇಡಿ. ಗಂಟೆಗಟ್ಟಲೆ ಇಡೀ ಡಿಸ್ಕನ್ನು ಓದಿಸುವ ಆ ಕೆಲಸದಲ್ಲೇ ಎಷ್ಟೋ ಡಿಸ್ಕುಗಳು ಕೊನೆಯುಸಿರೆಳೆಯುತ್ತವೆ.

ಮೂರನೆಯದು ಮೆಮೊರಿ. ಬಳಕೆ ಶೇ. 90ರ ಮೇಲೇ ನಿಂತಿದ್ದು, ಕಮಿಟೆಡ್ ಎಂಬ ಸಂಖ್ಯೆ ಇರುವ ರ‍್ಯಾಮ್‌ಗಿಂತ ಬಹಳ ಹೆಚ್ಚಿದ್ದರೆ ಯಾವ ಭಾಗವೂ ಕೆಟ್ಟಿಲ್ಲ, ರ‍್ಯಾಮ್ ಸಾಲುತ್ತಿಲ್ಲ ಅಷ್ಟೆ. ಪ್ರೊಸೆಸಸ್ ಪಟ್ಟಿಯಲ್ಲಿ ಸಿಸ್ಟಮ್ ಇಂಟರಪ್ಟ್ಸ್ ಎಂಬುದು ಶೇ. 10, 20 ತಿನ್ನುತ್ತಿದ್ದರೆ ಹೊರಗೆ ಚುಚ್ಚಿದ ಯುಎಸ್‌ಬಿ ಸಾಧನಗಳನ್ನು ಒಂದೊಂದಾಗಿ ಕಿತ್ತು ನೋಡಿ.

ರ‍್ಯಾಮ್ ಕೆಟ್ಟಿದೆಯೆಂಬ ಅನುಮಾನಕ್ಕೆ ನೀಲಿ ಪರದೆಯೇ ಬೇಕೆಂದಿಲ್ಲ. ಡೌನ್‌ಲೋಡ್ ಮಾಡಿದ ಜಿಪ್ ಕಡತ ಒಮ್ಮೆ ತೆರೆದು ಇನ್ನೊಮ್ಮೆ ಸಿಆರ್‌ಸಿ ದೋಷ (ಕಡತದ ಮಾಹಿತಿ ತಾಳೆಯಾಗುತ್ತಿಲ್ಲ ಎಂಬ ಸೂಚನೆ) ತೋರಿಸಿದರೆ, ಬ್ರೌಸರಿನ ಟ್ಯಾಬುಗಳು ಕಾರಣವಿಲ್ಲದೆ ಬಿದ್ದುಹೋಗುತ್ತಿದ್ದರೆ ಪರೀಕ್ಷೆ ಮಾಡಿಸಲೇಬೇಕು. ವಿಂಡೋಸ್‌ನದೇ ಮೆಮೊರಿ ಪರೀಕ್ಷೆ ಮೇಲುಮೇಲಿನದು. ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿ, ಕನಿಷ್ಠ ನಾಲ್ಕು ಸುತ್ತು ಓಡಿಸಿ; ರಾತ್ರಿ ಹಚ್ಚಿ ಬೆಳಿಗ್ಗೆ ನೋಡಿದರೆ ಇನ್ನೂ ಒಳ್ಳೆಯದು. ಒಂದೇ ಒಂದು ದೋಷ ಕಂಡರೂ ಅದು ದೋಷವೇ. ಎರಡು ರ‍್ಯಾಮ್ ಕಡ್ಡಿಗಳಿದ್ದರೆ ಒಂದನ್ನು ತೆಗೆದು ಉಳಿದೊಂದರಲ್ಲೇ ಓಡಿಸಿ, ಆಮೇಲೆ ಆ ಉಳಿದದ್ದನ್ನೇ ಇನ್ನೊಂದು ಸ್ಲಾಟ್‌ಗೆ ಹಾಕಿ ಓಡಿಸಿ. ದೋಷ ಕಡ್ಡಿಯ ಜೊತೆ ಹೋದರೆ ಕಡ್ಡಿ ಕೆಟ್ಟಿದೆ. ಸ್ಲಾಟ್‌ನಲ್ಲೇ ಉಳಿದರೆ ಮದರ್‌ಬೋರ್ಡ್. ಬಿಚ್ಚುವ ಮುನ್ನ ಚಾರ್ಜರ್ ತೆಗೆದು, ಬ್ಯಾಟರಿಯ ಕನೆಕ್ಟರ್ ಕಳಚಿ, ಪವರ್ ಗುಂಡಿಯನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿಯಿರಿ. ಪೆನ್‌ಡ್ರೈವಿನಿಂದ ಬೂಟ್ ಮಾಡಲು ಬಯೋಸ್‌ನ ಸೆಕ್ಯೂರ್ ಬೂಟ್ (ಗುರುತಿಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಬದಲಾಯಿಸಬೇಕಾಗಿ ಬಂದರೆ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಬಾಗಿಲು ಮುಚ್ಚಿದರೆ ಒಳಗಿನ ಕಡತಗಳು ಒಳಗೇ ಉಳಿಯುತ್ತವೆ.

ಪರದೆಯಲ್ಲಿ ಗೆರೆ, ಬಣ್ಣದ ಚುಕ್ಕೆ ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ತೆರೆದು ನೋಡಿ. ಗೆರೆಗಳು ಚಿತ್ರದಲ್ಲೂ ಇದ್ದರೆ ಗ್ರಾಫಿಕ್ಸ್ ಚಿಪ್ ಅಥವಾ ಅದರ ಡ್ರೈವರ್. ಚಿತ್ರ ಶುಭ್ರವಾಗಿದ್ದರೆ ಅನುಮಾನ ಮೊದಲು ಪ್ಯಾನೆಲ್ ಅಥವಾ ಅದರ ಕೇಬಲ್ ಮೇಲೆ. ಮುಚ್ಚಳವನ್ನು ಹಿಂದೆ ಮುಂದೆ ಆಡಿಸಿದಾಗ ಗೆರೆ ಬದಲಾದರೆ ಕೇಬಲ್ ಎಂದೇ ಹಿಡಿಯಿರಿ.

ಇಷ್ಟಾದರೂ ತೀರ್ಮಾನವಾಗದಿದ್ದರೆ ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ, ಎರಡು ಮೂರು ಗಂಟೆ ನಿಮ್ಮ ಎಂದಿನ ಕೆಲಸ ಮಾಡಿ. ಅಲ್ಲೂ ಕುಸಿದರೆ ಹಾರ್ಡ್‌ವೇರ್ ದೋಷವೆಂದು ಬಹುಮಟ್ಟಿಗೆ ಹೇಳಬಹುದು. ಆದರೆ ಅಲ್ಲಿ ಸರಾಗವಾಗಿ ಓಡಿತು ಎಂದ ಮಾತ್ರಕ್ಕೆ ವಿಂಡೋಸ್ ತಪ್ಪಿತಸ್ಥನಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಒಳಗಿನ ಡಿಸ್ಕ್ ಕೆಲಸವನ್ನೇ ಮಾಡುತ್ತಿರಲಿಲ್ಲ. ಸೇಫ್ ಮೋಡ್‌ಗೂ ಇದೇ ಮಾತು: ಅಲ್ಲಿ ಗ್ರಾಫಿಕ್ಸ್ ಡ್ರೈವರ್ ಲೋಡ್ ಆಗುವುದಿಲ್ಲವಾದ್ದರಿಂದ ಕೆಟ್ಟ ಗ್ರಾಫಿಕ್ಸ್ ಚಿಪ್ ಕೂಡ ತೆಪ್ಪಗಿರುತ್ತದೆ.

ಡಿಸ್ಕ್, ರ‍್ಯಾಮ್, ಬಿಸಿ, ಚಾರ್ಜರ್ ನಾಲ್ಕೂ ಸರಿಯಿವೆ ಎಂದಾದ ಮೇಲೆ ಸಾಫ್ಟ್‌ವೇರ್ ಕಡೆ ಬನ್ನಿ. ಕುಸಿತಗಳನ್ನು ದಿನವಾರು ತೋರಿಸುವ ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್‌ನಲ್ಲಿ ಕುಸಿತ ಶುರುವಾದ ದಿನವನ್ನು ಹುಡುಕಿ, ಅದಕ್ಕೆ ಒಂದೆರಡು ದಿನ ಮುಂಚೆ ಯಾವ ಡ್ರೈವರ್, ಯಾವ ಅಪ್‌ಡೇಟ್ ಬಂತು ನೋಡಿ, ಅದೊಂದನ್ನೇ ಹಿಂದಿನ ಆವೃತ್ತಿಗೆ ಮರಳಿಸಿ. ಹಾನಿಯಾದ ಸಿಸ್ಟಮ್ ಕಡತಗಳಿಗೆ ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್, ಅದು ಮುಗಿದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್ (ಎರಡೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ಓಡಿಸುವ, ವಿಂಡೋಸ್‌ನದೇ ದುರಸ್ತಿ ಆದೇಶಗಳು). ಎಸ್‌ಎಫ್‌ಸಿ ಬದಲಿ ಕಡತ ತರುವುದು ಡಿಸ್ಮ್ ಸರಿಪಡಿಸುವ ಭಂಡಾರದಿಂದಲೇ ಆದ್ದರಿಂದ ಈ ಕ್ರಮ. ಆಗಲೂ ಸರಿಹೋಗದಿದ್ದರೆ ಫಾರ್ಮ್ಯಾಟ್ ಮಾಡಿ, ಈಗ ಅದಕ್ಕೆ ಅರ್ಥವಿದೆ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ. ರ‍್ಯಾಮ್ ಬದಲಿಸಿ ಅದೇ ದಿನ ಡ್ರೈವರ್‌ಗಳನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಎರಡು ದಿನಕ್ಕೊಮ್ಮೆ ಬರುತ್ತಿದ್ದ ತೊಂದರೆ ಒಂದು ಸಂಜೆ ಬರಲಿಲ್ಲವೆಂದು ಮುಚ್ಚಳದ ಸ್ಕ್ರೂ ಬಿಗಿಮಾಡಿ ಮರೆಯಬೇಡಿ. ಕನಿಷ್ಠ ಒಂದು ವಾರ ಅದೇ ಭಾರದ ಕೆಲಸ ಕೊಟ್ಟು, ಇವೆಂಟ್ ವ್ಯೂವರ್‌ನಲ್ಲಿ 19, 129, 153 ಮತ್ತೆ ತಲೆಯೆತ್ತಿವೆಯೇ ಎಂದು ನೋಡಿ.