ಹೋರಿಯ ವೀರ್ಯಾಣುವೂ ಹದಕ್ಕೆ ಬರಬೇಕು

ಹಸು ಎರಡು ಮೂರು ಸಲ ಗಬ್ಬ ಕಟ್ಟದಿದ್ದರೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸುವವರು ಈಗಲೂ ಇದ್ದಾರೆ. ಇನ್ನು ಕೆಲವರು ಹೋರಿಯನ್ನು ಬೈಯುತ್ತಾರೆ. ಬೆದೆ ಕಂಡದ್ದು ಎಷ್ಟು ಹೊತ್ತಿಗೆ, ಸೆಮೆನ್ ಹಾಕಿಸಿದ್ದು ಎಷ್ಟು ಹೊತ್ತಿಗೆ ಎಂದು ಕೇಳುವವರು ಕಡಿಮೆ. ನನಗೆ ಸಂಕಟ ಆಗುವುದು ಇಲ್ಲೇ.

ಹೋರಿಯಿಂದ ಆಗತಾನೇ ಬಂದ ವೀರ್ಯಾಣು ಎಷ್ಟೇ ಚುರುಕಾಗಿ ಈಜಿದರೂ ಅಂಡಾಣುವಿನ ಒಳಗೆ ಹೋಗಲಾರದು. ಹಸುವಿನ ಮೈಯೊಳಗೆ ಕೆಲವು ಗಂಟೆ ಕಳೆದು ಅದು ಹದಕ್ಕೆ ಬರಬೇಕು. ಈ ಸಂಗತಿ ಗೊತ್ತಾದದ್ದು 1951ರಲ್ಲಿ. ಅಮೆರಿಕದಲ್ಲಿ ಎಂ. ಸಿ. ಚಾಂಗ್, ಆಸ್ಟ್ರೇಲಿಯಾದಲ್ಲಿ ಸಿ. ಆರ್. ಆಸ್ಟಿನ್, ಇಬ್ಬರು ವಿಜ್ಞಾನಿಗಳೂ ಬೇರೆ ಬೇರೆಯಾಗಿ ಇದನ್ನು ಕಂಡರು. ಮೊಲ, ಇಲಿಗಳಲ್ಲಿ ಕಂಡದ್ದು ಆಮೇಲೆ ದನಗಳಲ್ಲೂ ನಿಜವಾಯಿತು. ಇದಕ್ಕೆ ಕೆಪಾಸಿಟೇಶನ್ ಎಂದು ಹೆಸರು.

ಹೊರಡುವಾಗ ವೀರ್ಯಾಣುವಿನ ಮೈಗೆ ವೀರ್ಯದ್ರವದ ಪ್ರೋಟೀನುಗಳು ಮೆತ್ತಿಕೊಂಡಿರುತ್ತವೆ. ಹಸುವಿನ ಅಂಡನಾಳದಲ್ಲಿ ಹೆಪಾರಿನ್‌ನಂಥ ಸಕ್ಕರೆ ಸರಪಳಿಗಳಿವೆ. ಅವು ಈ ಪ್ರೋಟೀನುಗಳನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಹೌದು, ರಕ್ತ ಹೆಪ್ಪುಗಟ್ಟದಿರಲಿ ಎಂದು ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಅದೇ ಹೆಪಾರಿನ್. ಪ್ರಯೋಗಾಲಯದಲ್ಲಿ ಹೋರಿಯ ವೀರ್ಯಾಣುವನ್ನು ಹದ ಮಾಡಲು ಇವತ್ತಿಗೂ ಅದನ್ನೇ ಬಳಸುತ್ತಾರೆ. ವೀರ್ಯಾಣುವಿನ ಪೊರೆಯ ಕೊಲೆಸ್ಟೆರಾಲ್ ಸೋರಿ ಹೋಗುತ್ತದೆ, ಪೊರೆ ಸಡಿಲವಾಗುತ್ತದೆ.

ಇನ್ನು ಕಿಣ್ವಗಳ ಸರದಿ. ಕೆರೆಯ ತೂಬು ಎತ್ತುವ ನೀರುಗಂಟಿಯನ್ನು ನೆನೆಸಿಕೊಳ್ಳಿ. ಒಳಗೆ ನುಗ್ಗಿದ ಬೈಕಾರ್ಬನೇಟ್ ಅವನನ್ನು ಎಬ್ಬಿಸುತ್ತದೆ. ಆ ನೀರುಗಂಟಿಯೇ ಅಡೆನೈಲೈಲ್ ಸೈಕ್ಲೇಸ್ ಎಂಬ ಕಿಣ್ವ. ಅದು ತೂಬು ಎತ್ತಿದರೆ ಹರಿಯುವ ನೀರು ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು. ಆ ನೀರು ಮುಟ್ಟಿದಾಗ ಪ್ರೋಟೀನ್ ಕೈನೇಸ್ ಎ ಎಂಬ ಇನ್ನೊಂದು ಕಿಣ್ವ ಕೆಲಸಕ್ಕೆ ಇಳಿಯುತ್ತದೆ. ಗದ್ದೆಯಿಂದ ಗದ್ದೆಗೆ ಬದು ಕಡಿಯುವ ಆಳಿನ ಹಾಗೆ ಅದು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ, ಬೇರೆ ಕೈನೇಸ್‌ಗಳನ್ನೂ ಕೆಲಸಕ್ಕೆ ಹಚ್ಚುತ್ತದೆ. ಫಾಸ್ಫೇಟ್ ಅಂದರೆ ಚಿಲಕ ತೆಗೆಯುವ ಬೆರಳು ಎಂದುಕೊಳ್ಳಿ. ಒಂದೊಂದು ಚಿಲಕ ತೆಗೆದಾಗಲೂ ಒಂದೊಂದು ಪ್ರೋಟೀನು ವರಸೆ ಬದಲಿಸುತ್ತದೆ. ಕ್ಯಾಲ್ಸಿಯಂ ಒಳಗೆ ಬರುತ್ತದೆ. ಬಾಲ ನೆಟ್ಟಗೆ ಈಜುವುದನ್ನು ಬಿಟ್ಟು ಚಾಟಿಯಂತೆ ಬೀಸತೊಡಗುತ್ತದೆ.

ತಲೆಯ ಮೇಲೆ ಆಕ್ರೋಸೋಮ್ ಎಂಬ ಚೀಲ ಇದೆ. ಅದರೊಳಗೆ ಹಯಲುರೊನಿಡೇಸ್, ಆಕ್ರೋಸಿನ್ ಮುಂತಾದ ಕಿಣ್ವಗಳು. ಆಕ್ರೋಸಿನ್ ಕೂಡ ಅಲ್ಲಿ ಮಲಗಿಯೇ ಇರುತ್ತದೆ, ಚೀಲ ತೆರೆದಾಗಲೇ ಏಳುತ್ತದೆ. ಇದೊಂದೇ ಕಿಣ್ವ ಅಂಡಾಣುವಿನ ಹೊರಪೊರೆಯನ್ನು ಕೊರೆದು ದಾರಿ ಮಾಡುತ್ತದೆ ಎಂದು ಎಷ್ಟೋ ಪಾಠಗಳಲ್ಲಿ ಇತ್ತು. ಆಕ್ರೋಸಿನ್ ಇಲ್ಲದ ಗಂಡು ಇಲಿಗಳಿಗೂ ಮರಿಗಳಾದ ಮೇಲೆ ಆ ಕಥೆ ಅಷ್ಟು ಸರಳವಲ್ಲ ಎಂದಾಯಿತು. ಬಾಲದ ಬೀಸೂ ಬೇಕು.

ಒಮ್ಮೆ ತೆರೆದ ಚೀಲ ಮತ್ತೆ ಮುಚ್ಚುವುದಿಲ್ಲ. ವೀರ್ಯಾಣುವಿನ ಹದವೂ ದೋಸೆ ಹಿಟ್ಟಿನ ಹಾಗೇ. ರುಬ್ಬಿದ ಕೂಡಲೇ ಹುಯ್ದರೂ ಚೆನ್ನಾಗಿರಲ್ಲ, ಜಾಸ್ತಿ ಹುಳಿ ಬಂದರೂ ಚೆನ್ನಾಗಿರಲ್ಲ. ಅದಕ್ಕೇ ಅಂಡನಾಳದ ಗೋಡೆ ವೀರ್ಯಾಣುಗಳನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ.

ಭಾರತದಲ್ಲಿ ಕೃತಕ ಗರ್ಭಧಾರಣೆ ಶುರುವಾದದ್ದು ನಮ್ಮ ಮೈಸೂರಿನ ಅರಮನೆ ಡೈರಿಯಲ್ಲಿ, 1939ರಲ್ಲಿ, ಸಂಪತ್ ಕುಮಾರನ್ ಅವರ ಕೈಯಲ್ಲಿ. ಚಾಂಗ್, ಆಸ್ಟಿನ್ ಅವರಿಗಿಂತ 12 ವರ್ಷ ಮೊದಲು! ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಎನ್ನುವ ಲೆಕ್ಕ ಈಗ ಎಲ್ಲ ಕಡೆ ಇದೆ. ಬೆದೆ ಶುರುವಾಗಿ ಸುಮಾರು ಒಂದು ದಿನ ಕಳೆದ ಮೇಲೆ ಅಂಡಾಣು ಬಿಡುಗಡೆಯಾಗುತ್ತದೆ, ಅಷ್ಟರಲ್ಲಿ ವೀರ್ಯಾಣು ಹದಕ್ಕೆ ಬಂದಿರಬೇಕು. ತೀರಾ ಬೇಗ ಹಾಕಿಸಿದರೂ ಕಷ್ಟ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿದ್ದು ಬಂದ ಸ್ಟ್ರಾದ, ಅಂದರೆ ಸೆಮೆನ್ ತುಂಬಿದ ಸಣ್ಣ ಕೊಳವೆಯ, ವೀರ್ಯಾಣುಗಳಲ್ಲಿ ಹಲವು, ಹೆಪ್ಪುಗಟ್ಟಿ ಕರಗುವ ಹೊಡೆತಕ್ಕೇ ಅರ್ಧ ಹದಕ್ಕೆ ಬಂದುಬಿಟ್ಟಿರುತ್ತವೆ. ತಾಜಾ ವೀರ್ಯಾಣುವಿನಷ್ಟು ಹೊತ್ತು ಅವು ಕಾಯಲಾರವು.